ಬ್ರೌನ್ ಶೀಟ್ ಹಾಕಿದ ಪುಸ್ತಕ: ಒಂದು ಪ್ರಕರಣ ಅಧ್ಯಯನ

ಬಿ.ಎಡ್. ಓದಿದವರಿಗೆಲ್ಲ ಪ್ರಕರಣ ಅಧ್ಯಯನ ಅಂದರೆ ಏನು ಅಂತ ಗೊತ್ತು. ಒಬ್ಬ ವಿದ್ಯಾರ್ಥಿಯನ್ನು ಆರಿಸಿಕೊಳ್ಳಬೇಕು. ಮನೆಯ ಹಿನ್ನೆಲೆ, ಸಮಸ್ಯೆ, ಕಾರಣ, ಪರಿಹಾರ ಅಂತ ಕಾಲಂ ಹಾಕಿ ತುಂಬಿಸಬೇಕು. ಕೊನೆಗೆ 'ವಿದ್ಯಾರ್ಥಿಯಲ್ಲಿ ಸುಧಾರಣೆ ಕಂಡುಬಂದಿದೆ' ಅಂತ ಬರೆದರೆ ಇಂಟರ್ನಲ್ ಮಾರ್ಕ್ಸಿಗೆ ಮೋಸವಿಲ್ಲ. ನಾನೂ ಹಾಗೇ ಬರೆದು ಪಾಸಾದೆ. ಆಮೇಲೆ 28 ವರ್ಷ ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದೆ. ಆ ಕಾಲಂಗಳಲ್ಲಿ ಕೂರದ ಒಂದು ಪ್ರಕರಣ ಮಾತ್ರ ತಲೆಯಲ್ಲೇ ಉಳಿದುಬಿಟ್ಟಿದೆ.

ಇದರಲ್ಲಿ ಮೂವರು ಹೆಂಗಸರಿದ್ದಾರೆ. ಒಬ್ಬಳು ಹುಡುಗಿ, ಆಗ ಒಂಬತ್ತನೇ ಕ್ಲಾಸು. ಇನ್ನೊಬ್ಬರು ಅವಳ ಅವ್ವ. ಮತ್ತೊಬ್ಬರು ನಮ್ಮ ಶಾಲೆಯ ಕನ್ನಡ ಮಿಸ್ಸು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಕ್ರೈಸ್ತರು. ಹೆಸರು ಬದಲಿಸಿ ಬರೆಯುವುದು ವಾಡಿಕೆ. ನಾನು ಹೆಸರನ್ನೇ ಬಿಟ್ಟಿದ್ದೇನೆ. ಮೂವರ ಒಪ್ಪಿಗೆಯೂ ಇದೆ. ನನ್ನ ಬಳಿ ಇರುವ ಆಧಾರ ಅಂದರೆ 200 ಪುಟದ ಒಂದು ಲಾಂಗ್ ನೋಟ್‌ಬುಕ್ಕು, ಮೂವರ ಬಾಯಲ್ಲಿ ಕೇಳಿದ ಮಾತು, ಮತ್ತೆ ಸ್ಟಾಫ್ ರೂಮಿನ ಪಕ್ಕದ ಕುರ್ಚಿಯಲ್ಲಿ ಕೂತು ನಾನೇ ಕಂಡದ್ದು.

ಹಿನ್ನೆಲೆ

ಹುಡುಗಿಯ ಊರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಜಾಗ. ಎರಡೂವರೆ ಎಕರೆ ಕಬ್ಬು. ಅಪ್ಪನಿಗೆ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಅಂತ ಮೈಸೂರಿಗೆ ಬಸ್ಸಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ಬಿಟ್ಟರೆ ಮನೆ ಸೇರುವುದು ರಾತ್ರಿ. ಮೊದಲು ಕಬ್ಬಿನ ದುಡ್ಡು ಹೋಯಿತು. ಆಮೇಲೆ ಅವ್ವನ ಓಲೆ ಹೋಯಿತು.

ಊರ ಮಾರಮ್ಮನಿಗೆ ಅವ್ವ ಬಾಯಿಬೀಗದ ಹರಕೆ ಹೊತ್ತರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುವುದಾದರೆ, ಉಪವಾಸವಿದ್ದು, ತೆಳ್ಳನೆ ಸರಳನ್ನು ಕೆನ್ನೆಗೆ ಚುಚ್ಚಿಸಿಕೊಂಡು ದೇವಸ್ಥಾನಕ್ಕೆ ನಡೆಯುತ್ತಾರೆ. ಹಬ್ಬದ ದಿನ ಅವ್ವ ಅದನ್ನು ಮಾಡಿದರು. ಹುಡುಗಿ ತಲೆಯ ಮೇಲೆ ತಂಬಿಟ್ಟಿನ ಆರತಿ ಹೊತ್ತು ಹಿಂದೆಯೇ ನಡೆದಳು. 17 ದಿನಕ್ಕೆ ಅಪ್ಪ ತೀರಿಕೊಂಡರು. ಅವ್ವನ ಕೆನ್ನೆಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ.

ಮುಂದಿನ ಜೂನ್‌ನಲ್ಲಿ ಹುಡುಗಿಯನ್ನು ಮೈಸೂರಿನ ಚಿಕ್ಕಮ್ಮನ ಮನೆಗೆ ಕಳಿಸಿದರು. ಚಿಕ್ಕಮ್ಮ ನಮ್ಮ ಶಾಲೆಗೆ ಸೇರಿಸಿದರು. ಚರ್ಚಿನವರು ನಡೆಸುವ ಅನುದಾನಿತ ಶಾಲೆ ಅದು. ಹಾಗಂತ ಮಕ್ಕಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟೇ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಕೈ ಮುಗಿದು ನಿಂತರೆ ಇವಳು ಕೈ ಕಟ್ಟಿ ನಿಲ್ಲುತ್ತಿದ್ದಳು. ಪಿ.ಟಿ. ಮೇಷ್ಟ್ರು ಎರಡು ಸಲ ಗದರಿದರು. ಮೂರನೇ ಸಲ 'ಬಿಡಿ ಸಾರ್, ಹೋಗಲಿ' ಅಂತ ನಾನು ತಡೆದೆ. ಅಷ್ಟೇ ನನಗೆ ತೋಚಿದ್ದು.

ಮುಂದೆ?

ಮೊದಲ ಟೆಸ್ಟಿನಲ್ಲಿ ಪ್ರಬಂಧದ ವಿಷಯ 'ನಮ್ಮೂರ ಹಬ್ಬ'. ಎಷ್ಟು ಸಲ ಕೇಳಿದ ವಿಷಯ ಅಲ್ವಾ? ಮಕ್ಕಳು ಗೈಡಿನಿಂದ ಬಾಯಿಪಾಠ ಮಾಡಿ ಎರಡು ಪುಟ ಬರೆಯುತ್ತಾರೆ. ಇವಳು ಬರೆದದ್ದು ಎರಡೇ ಸಾಲು. 'ನಮ್ಮೂರ ಹಬ್ಬಕ್ಕೆ ತುಂಬಾ ಜನ ಬರುತ್ತಾರೆ. ನಮ್ಮೂರ ದೇವರಿಗೆ ಕಿವಿ ಇಲ್ಲ.'

ಮಿಸ್ಸು ಆ ಪೇಪರನ್ನು ನನಗೆ ತೋರಿಸಿದರು. ಮನೆಯವರನ್ನು ಕರೆಸಿ ಅಂದೆ ನಾನು. ಅವರು ಕರೆಸಲಿಲ್ಲ. ಮಾರ್ಕ್ಸನ್ನೂ ಹಾಕಲಿಲ್ಲ. ಪೆನ್ಸಿಲಿನಲ್ಲಿ ಕೆಳಗೆ 'ಮುಂದೆ?' ಅಂತ ಒಂದು ಪದ ಬರೆದು ಕೊಟ್ಟರು.

ಮರುವಾರ ಹುಡುಗಿ ಹೊಸ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದು ತಂದಳು. ಸರಳು, ಗಾಯ, ಆರತಿ, 17 ದಿನ, ಎಲ್ಲ ಅದರಲ್ಲಿತ್ತು. ಆ ಪುಟಗಳನ್ನು ನಾನು ಈಚೆಗೆ ನೋಡಿದೆ. ಅಲ್ಲಲ್ಲಿ ಕೆಂಪು ಶಾಯಿ. 'ಭಾಯಿಬೀಗ' ಅಂತಿದ್ದದ್ದನ್ನು 'ಬಾಯಿಬೀಗ' ಅಂತ ತಿದ್ದಿದ್ದಾರೆ! ಅಪ್ಪ ಸತ್ತದ್ದನ್ನು ಬರೆದ ಮಗುವಿನ ಅಲ್ಪಪ್ರಾಣ ಮಹಾಪ್ರಾಣ ತಿದ್ದುವುದೇ ಅಂತ ನನಗೆ ಸಿಟ್ಟು ಬಂತು. ಹುಡುಗಿ ಹೇಳುವುದೇ ಬೇರೆ. "ಆ ವರ್ಷ ಎಲ್ಲರೂ ಅಯ್ಯೋ ಪಾಪ ಅಂತಿದ್ರು. ತಪ್ಪು ತಿದ್ದಿದ್ದು ಮಿಸ್ ಒಬ್ಬರೇ. ಹಾಗಾದ್ರೆ ಇವರು ನಿಜವಾಗ್ಲೂ ಓದಿದ್ದಾರೆ ಅನ್ನಿಸ್ತು."

ನೋಟ್‌ಬುಕ್ಕು ಹೀಗೆ ಹೋಗಿ ಬರತೊಡಗಿತು. ಇಪ್ಪತ್ತನೇ ಪುಟದ ಹತ್ತಿರ ಒಂದು ಪ್ರಶ್ನೆ ಇದೆ. 'ಮಿಸ್, ನಿಮ್ಮ ದೇವರಿಗೆ ಕಿವಿ ಇದೆಯಾ?' ಇದಕ್ಕೆ ಉತ್ತರ ಬರಲು ನಾಲ್ಕು ದಿನ ಹಿಡಿಯಿತಂತೆ. ಮಿಸ್ಸು ಬರೆದದ್ದು ಇಷ್ಟು: 'ಇದೆ ಅಂತ ನಂಬಿದ್ದೇನೆ. ನನ್ನ ಎರಡನೇ ಮಗು ಒಂಬತ್ತು ದಿನ ಬದುಕಿತ್ತು. ಆ ಒಂಬತ್ತು ದಿನ ನಾನು ಕೂಗಿದ್ದು ಕೇಳಿಸಲಿಲ್ಲ ಅನ್ನಿಸಿತು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.'

ಹನ್ನೊಂದು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಡಬ್ಬಿಯ ಉಪ್ಪಿಟ್ಟು ತಿಂದು, ಇದು ನನಗೆ ಗೊತ್ತಿರಲಿಲ್ಲ.

ಬೈಯುವುದಕ್ಕೂ ಒಂದು ಹೆಸರು

ಕ್ರೈಸ್ತ ಮೇಷ್ಟ್ರು ಅಂದಕೂಡಲೆ ಮೊದಲು ಬೈಬಲ್ ಕೊಟ್ಟಿರುತ್ತಾರೆ ಅಂತ ಜನ ಅಂದುಕೊಳ್ಳುತ್ತಾರೆ. ಮಿಸ್ಸು ಮೊದಲು ಕೊಟ್ಟದ್ದು ದಾಸರ ಪದಗಳನ್ನು. ದೇವರನ್ನು ಹಂಗಿಸಿ, ಮೂದಲಿಸಿ ಹಾಡುವುದಕ್ಕೆ ನಮ್ಮಲ್ಲಿ ನಿಂದಾಸ್ತುತಿ ಅಂತ ಹೆಸರೇ ಇದೆಯಲ್ಲ, ಅದನ್ನು ತೋರಿಸಿದರು. ಮನೆ ದೇವರಿಗೆ ಕಿವಿ ಇಲ್ಲ ಅಂದದ್ದು ನೀನೇ ಮೊದಲಲ್ಲ, ನಿನಗಿಂತ ಮುಂಚೆ ಎಷ್ಟೋ ಜನ ಅಂದಿದ್ದಾರೆ, ಅಂದವರನ್ನೇ ನಾವು ಭಕ್ತರು ಅಂತ ಕರೆಯುತ್ತೇವೆ ಅಂತ ಬರೆದರು. ಹುಡುಗಿಗೆ ಇದು ಹೊಸದು. ಸಿಟ್ಟು ಬಂದರೆ ಭಕ್ತಿ ಮುಗಿಯಿತು ಅಂತ ಅವಳು ತಿಳಿದಿದ್ದಳು.

ಎರಡನೆಯದು ನಿಘಂಟು. ಮಿಸ್ಸಿನ ಮೇಜಿನ ಮೇಲೆ ಕಿಟ್ಟೆಲ್ ಕೋಶ ಯಾವಾಗಲೂ ಇರುತ್ತಿತ್ತು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್, ಸುಮಾರು 70,000 ಪದಗಳನ್ನು ಕೂಡಿಸಿ 1894ರಲ್ಲಿ ಮಂಗಳೂರಿನಿಂದ ಹೊರತಂದ ಕೋಶ. 'ದೇವರ ಮಾತು ಹೇಳಲು ಬಂದವನು ನಮ್ಮ ಮಾತನ್ನು ಎಣಿಸುತ್ತಾ ಕೂತ' ಅಂತ ಮಿಸ್ಸು ನಗುತ್ತಿದ್ದರು. ಆ ಕೋಶದಲ್ಲಿ 'ನಂಬು' ಹುಡುಕು ಅಂತ ಹುಡುಗಿಗೆ ಹೇಳಿದರು. ಆಮೇಲೆ ನಂಬಿಕೆ, ನೆಚ್ಚು, ವಿಶ್ವಾಸ, ಶ್ರದ್ಧೆ, ಭಕ್ತಿ, ಒಂದೊಂದೂ. ಕನ್ನಡದ ಸತ್ಯವೇದ, ಅಂದರೆ ಕನ್ನಡ ಬೈಬಲ್, ಇವುಗಳಲ್ಲಿ 'ನಂಬಿಕೆ'ಯನ್ನು ಹಿಡಿದುಕೊಂಡಿದೆ. ಅದು ಆಲೆಮನೆ ಸಾಹುಕಾರನ ಮೇಲೂ ಇಡುವ ನಂಬಿಕೆ, ಸಾಲ ಕೇಳಲು ಬಂದ ನೆಂಟನ ಮೇಲೂ ಇಡುವ ನಂಬಿಕೆ. ಇಟ್ಟವನು ಮೋಸ ಹೋಗಬಹುದು. ಹುಡುಗಿ ಬರೆದ ಟಿಪ್ಪಣಿ ನನಗೆ ಇಷ್ಟವಾಯಿತು: 'ಹಾಗಾದರೆ ಅವ್ವ ಮಾರಮ್ಮನ ಮೇಲೆ ಇಟ್ಟಿದ್ದು ನಂಬಿಕೆ. ನಾನು ಇಟ್ಟಿದ್ದು ಲೆಕ್ಕ.' ಹದಿನಾಲ್ಕು ವರ್ಷದ ಹುಡುಗಿ ಬರೆದದ್ದು ಇದು.

ಮೂರನೆಯದಾಗಿ ಬಂದವನು ಯೋಬ. ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ 42 ಅಧ್ಯಾಯದ ಕಥೆ. ಒಳ್ಳೆಯವನು. ಎತ್ತು, ಒಂಟೆ, ಆಳುಕಾಳು, ಹತ್ತು ಮಕ್ಕಳು, ಎಲ್ಲ ಒಂದೇ ದಿನ ಹೋಗುತ್ತವೆ. ಆಮೇಲೆ ಮೈತುಂಬ ಹುಣ್ಣು. ಮೂವರು ಗೆಳೆಯರು ನೋಡಲು ಬಂದು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು ಎಲ್ಲ ಕೆಡಿಸುತ್ತಾರೆ. ನೀನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ಹೀಗಾಗಿದೆ ಅನ್ನುತ್ತಾರೆ. ಯೋಬ ಒಪ್ಪುವುದಿಲ್ಲ. ದೇವರ ಜೊತೆಗೇ ವ್ಯಾಜ್ಯಕ್ಕೆ ನಿಲ್ಲುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬನಿಗೂ ಚೆನ್ನಾಗಿ ಬೀಳುತ್ತದೆ. ಆದರೆ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಇವನೇ, ನೀವಲ್ಲ ಅಂತ ದೇವರು ಆ ಗೆಳೆಯರಿಗೆ ಹೇಳುತ್ತಾನೆ. ಯಾಕೆ ಹೀಗಾಯಿತು ಅನ್ನುವುದಕ್ಕೆ ಉತ್ತರ ಮಾತ್ರ ಯೋಬನಿಗೆ ಕೊನೆವರೆಗೂ ಸಿಗುವುದಿಲ್ಲ.

ಈ ಕಥೆಯನ್ನು ಮಿಸ್ಸು ಬಾಯಲ್ಲಿ ಹೇಳಿದರು. ಹುಡುಗಿ, ನಾನೇ ಓದಬೇಕು ಅಂದಳು. ಇಲ್ಲಿಗೆ ಪ್ರಕರಣದ ಕಷ್ಟದ ಭಾಗ ಶುರು.

ಬ್ರೌನ್ ಶೀಟು

ಮಿಸ್ಸು ತಮ್ಮ ಹಳೆಯ ಸತ್ಯವೇದವನ್ನು ಕೊಟ್ಟರು. ಕೊಡುವಾಗ ಅದಕ್ಕೆ ಪಠ್ಯಪುಸ್ತಕಕ್ಕೆ ಹಾಕುವ ಹಾಗೆ ಬ್ರೌನ್ ಶೀಟ್ ಹಾಕಿದರು. ಲೇಬಲ್ ಕೂಡ ಅಂಟಿಸಿದರು.

ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ಭಾನುವಾರ ಚಿಕ್ಕಮ್ಮ ಹಾಸಿಗೆ ಕೊಡವುವಾಗ ಪುಸ್ತಕ ಬಿತ್ತು. ಸಂಜೆಯೊಳಗೆ ಊರಿಗೆ ಫೋನ್ ಹೋಯಿತು. 'ನಿನ್ ಮಗಳ್ನ ಮತಾಂತರ ಮಾಡ್ತಾವ್ರೆ' ಅಂತ. ಸೋಮವಾರ ಹತ್ತು ಗಂಟೆಗೆ ಅವ್ವ ಶಾಲೆಯ ಗೇಟಿನಲ್ಲಿದ್ದರು. ಜೊತೆಗೆ ಊರಿನ ಇಬ್ಬರು ಗಂಡಸರು.

ಹೆಡ್ ಮೇಷ್ಟ್ರಿಗೆ ಬೆವರು. ವಿಷಯ ಹೊರಗೆ ಹೋಗದಂತೆ ಮುಗಿಸುವುದು ಅವರಿಗೆ ಬೇಕಿತ್ತು. ಹುಡುಗಿಯನ್ನು ಬಿ ಸೆಕ್ಷನ್ನಿಗೆ ಹಾಕುತ್ತೇವೆ, ಮಿಸ್ಸು ಅವಳ ಜೊತೆ ಮಾತಾಡುವುದಿಲ್ಲ ಅಂತ ಬರೆದುಕೊಡುತ್ತಾರೆ, ಇಷ್ಟಕ್ಕೆ ಬಿಟ್ಟುಬಿಡಿ ಅಂದರು. ಮಿಸ್ಸು ಒಪ್ಪಲಿಲ್ಲ. "ನಾನು ಆ ತಾಯಿ ಹತ್ತಿರ ಮಾತಾಡಬೇಕು. ಗಂಡಸರು ಹೊರಗಿರಲಿ" ಅಂದರು. ನಾನು ಒಳಗಿದ್ದೆ. ಸಾಕ್ಷಿಗೆ ಅಂತ ಹೆಡ್ ಮೇಷ್ಟ್ರು ಕೂರಿಸಿದ್ದರು.

ಅವ್ವ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. "ಏನ್ ಮೇಡಮ್ಮೋರೆ ಇದು? ಒಳ್ಳೆ ಪುಸ್ತಕ ಆದ್ರೆ ಇದಕ್ಯಾಕೆ ಮುಸುಕು?"

ಮಿಸ್ಸು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಬ್ರೌನ್ ಶೀಟನ್ನು ಅಲ್ಲೇ ಬಿಚ್ಚಿದರು. "ತಪ್ಪಾಯ್ತಮ್ಮ. ಪುಸ್ತಕ ಕೊಟ್ಟಿದ್ದು ತಪ್ಪು ಅಂತ ನನಗೆ ಅನ್ನಿಸಲ್ಲ. ಮುಚ್ಚಿ ಕೊಟ್ಟಿದ್ದು ತಪ್ಪು. ನಿಮ್ಮನ್ನ ಕೇಳಬೇಕಿತ್ತು" ಅಂದರು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೇಳದೆ ಕೊಟ್ಟದ್ದೂ ತಪ್ಪೇ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ. ತನ್ನ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಆದರೆ ಶಾಲೆಯ ಮಾತು ಬಂದಾಗ 28ನೇ ವಿಧಿಯ ಮೂರನೇ ಉಪವಿಧಿ ಇದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ ಬೇಕು. ಮಿಸ್ಸು ಕ್ಲಾಸಿನಲ್ಲಿ ಬೋಧಿಸಲಿಲ್ಲ, ಹುಡುಗಿಯೇ ಕೇಳಿ ತೆಗೆದುಕೊಂಡಳು, ನಿಜ. ಆದರೂ ಮೇಷ್ಟ್ರ ಕೈಯಿಂದ ಬಂದದ್ದು ಮಕ್ಕಳಿಗೆ ಸುಮ್ನೆ ಒಂದು ಪುಸ್ತಕವಾಗಿರುವುದಿಲ್ಲ. ಮಾರ್ಕ್ಸ್ ಹಾಕುವ ಕೈ ಅದು. ಈ ಮಾತಿಗೆ ಮಿಸ್ಸು ಇವತ್ತಿಗೂ ಅರ್ಧ ಮಾತ್ರ ಒಪ್ಪುತ್ತಾರೆ.

ಇನ್ನೊಂದು ವಿಷಯ. ಇದೆಲ್ಲ ನಡೆದದ್ದು ಸುಮಾರು 15 ವರ್ಷದ ಹಿಂದೆ. 2022ರಲ್ಲಿ ಕರ್ನಾಟಕದಲ್ಲಿ ಬಂದ ಕಾನೂನು, ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಿತು. ಅಪ್ರಾಪ್ತರನ್ನು ಒತ್ತಾಯದಿಂದಲೋ ಆಮಿಷದಿಂದಲೋ ಮತಾಂತರ ಮಾಡಿದರೆ 10 ವರ್ಷದವರೆಗೆ ಜೈಲು ಅಂದಿತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಗಲಾಟೆಯ ಕಾಲದಲ್ಲಿ ಇದೇ ಪ್ರಕರಣ ನಡೆದಿದ್ದರೆ ಗೇಟಿನಲ್ಲಿ ಇಬ್ಬರಲ್ಲ, ಇನ್ನೂರು ಜನ ಇರುತ್ತಿದ್ದರು. ಅವ್ವನನ್ನು ಒಳಗೆ ಕರೆದು ಮಾತಾಡಲು ಯಾರೂ ಬಿಡುತ್ತಿರಲಿಲ್ಲ. ಆ ಒಂದು ಗಂಟೆಯ ಮಾತು ನಡೆಯದೆ ಹೋಗಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ಯಾಕೆಂದರೆ ಮಿಸ್ಸು ತಪ್ಪು ಒಪ್ಪಿಕೊಂಡ ಮೇಲೆ ಅವ್ವ ಕೇಳಿದ್ದು, "ಅಂತದ್ದು ಏನೈತೆ ಇದ್ರಲ್ಲಿ?" ಅಂತ. ಮಿಸ್ಸು ಯೋಬನ ಕಥೆ ಹೇಳಿದರು. ಹತ್ತು ಮಕ್ಕಳು ಸತ್ತದ್ದು, ಗೆಳೆಯರು ಬಂದದ್ದು, ಅವನು ದೇವರನ್ನು ನ್ಯಾಯಕ್ಕೆ ಕರೆದದ್ದು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ನಾನೂ ಬೈದೆ ಕಣವ್ವ ಆ ಮಾರವ್ವನ್ನ. ಬಾಯಿಗೆ ಬಂದಂಗೆ ಬೈದೆ. ನನ್ ಬಾಯಿಗೆ ಬೀಗ ಹಾಕಿಸ್ಕೊಂಡು ನಿನ್ ಕಿವಿಗೂ ಹಾಕೊಂಡ್ಯಾ ಅಂದೆ. ಒಂದೂವರೆ ವರ್ಸಾಯ್ತು, ಗುಡಿ ಕಡೆ ತಲೆ ಹಾಕಿಲ್ಲ. ಮನೇಲಿ ದೀಪ ಹಚ್ಚೋಳು ನಮ್ಮತ್ತೆ. ಮಗಳಿಗೆ ಯೋಳಿಲ್ಲ. ಅವ್ಳಾದ್ರೂ ಕೈ ಮುಗ್ಕಂಡು ಓದ್ಲಿ ಅಂತ."

ಕಿವಿಯ ಮಾತನ್ನು ಹುಡುಗಿ ಅವ್ವನಿಂದ ಕೇಳಿ ಕಲಿತಿರಲಿಲ್ಲ. ಅವ್ವ ಹುಡುಗಿಯ ಪ್ರಬಂಧ ನೋಡಿರಲಿಲ್ಲ. ಇಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಊರಿನಲ್ಲಿ ಕೂತು, ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಹೇಳುತ್ತಿದ್ದರು. ಬ್ರೌನ್ ಶೀಟ್ ಹಾಕಿದವರು ಮಿಸ್ಸು ಒಬ್ಬರೇ ಆಗಿರಲಿಲ್ಲ ಅಂತ ನನಗೆ ಅನ್ನಿಸಿದ್ದು ಆಗಲೇ.

ಅವತ್ತಿನ ತಾರೀಖಿನಲ್ಲಿ ನೋಟ್‌ಬುಕ್ಕಿನಲ್ಲಿ ಮಿಸ್ಸಿನ ಒಂದೇ ಸಾಲು ಇದೆ. 'ಮುಂದಿನ ಪ್ರಶ್ನೆಯನ್ನು ನಿನ್ನ ಅವ್ವನಿಗೆ ಕೇಳು.'

ಹೊರಡುವಾಗ ಅವ್ವ ಷರತ್ತು ಹಾಕಿದರು. "ಓದ್ಕಳ್ಲಿ. ಬಿಚ್ಚಿಟ್ಕೊಂಡೇ ಓದ್ಲಿ. ಆದ್ರೆ ನೀರು ಗೀರು ಹಾಕ್ಬೇಡಿ." ಕ್ರೈಸ್ತರಾಗುವಾಗ ಮಾಡಿಸುವ ದೀಕ್ಷಾಸ್ನಾನಕ್ಕೆ ಅವರು ಹೇಳಿದ್ದು ಹಾಗೆ. ಹೊರಗೆ ನಿಂತಿದ್ದ ಗಂಡಸರಿಗೆ ಏನು ಹೇಳಿದರೋ, ಅವರು ಟೀ ಕುಡಿದು ಬಸ್ಸು ಹತ್ತಿದರು.

ಸುಮ್ಮನೆ ಕೂರುವುದು

ಆಮೇಲಿನ ಎರಡು ವರ್ಷ ಹೇಳುವಂಥ ಘಟನೆ ಏನೂ ಇಲ್ಲ. ಪ್ರಭಾವ ಅನ್ನುವುದು ಬಿದ್ದದ್ದು ಮಾತ್ರ ಆಗಲೇ.

ಮಿಸ್ಸು ಭಾನುವಾರ ಆರಾಧನೆ ಮುಗಿಸಿ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು. 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಮೈಸೂರಿನವರು ಕರೆಯುವುದು ಹಾಗೇ. ಅಲ್ಲಿ ಯಾರೂ ನೋಡಲು ಬರದ ರೋಗಿಗಳ ಪಕ್ಕ ಕೂರುತ್ತಿದ್ದರು. ಅವ್ವನ ಒಪ್ಪಿಗೆ ಪಡೆದು ಹುಡುಗಿಯೂ ಹೋಗತೊಡಗಿದಳು. ಮಿಸ್ಸು ಪ್ರಾರ್ಥನೆ ಮಾಡಿಸುತ್ತಾರೆ ಅಂತ ಕಾದಳಂತೆ. ಮಾಡಿಸಲಿಲ್ಲ. ರೋಗಿ ಕೇಳಿದರೆ ಮಾತ್ರ. ಕೇಳದಿದ್ದರೆ ಮುಕ್ಕಾಲು ಗಂಟೆ ಕೂತು, ನೀರು ಕುಡಿಸಿ, ಎದ್ದು ಬರುವುದು. "ಏನೂ ಹೇಳಲಿಲ್ವಲ್ಲ ಮಿಸ್" ಅಂದಳಂತೆ ಒಂದು ದಿನ. "ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆ ಕೆಲಸ ಆ ಏಳು ದಿನ" ಅಂದರಂತೆ.

ಹುಡುಗಿ ಒಬ್ಬಳೇ ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೂ ಹೋಗಿ ಕೂರುತ್ತಿದ್ದಳು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ, 175 ಅಡಿಯ ಜೋಡಿ ಗೋಪುರದ ಚರ್ಚು. ಮೇಣದ ಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಮಿಸ್ಸು ಪ್ರಾಟೆಸ್ಟೆಂಟರು, ಅದು ಕ್ಯಾಥೊಲಿಕರದು. ಸಂತಳಿಗೆ ಹರಕೆ ಹೊರುವುದು ಮಿಸ್ಸಿಗೆ ಸರಿಬರುವುದಿಲ್ಲ. ಹುಡುಗಿ ಇದನ್ನು ಹಿಡಿದು, "ನಿಮ್ಮೊಳಗೇ ಒಪ್ಪಿಗೆ ಇಲ್ವಲ್ಲ" ಅಂತ ಛೇಡಿಸಿದಳು. "ಇಲ್ಲ. ನೀನು ಕೂತುಕೋ, ಕೂತ ಮೇಲೆ ಏನನ್ನಿಸಿತು ಅದನ್ನು ಬರಿ" ಅಂದರು ಮಿಸ್ಸು. ನೋಟ್‌ಬುಕ್ಕಿನಲ್ಲಿದೆ: 'ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಒಳ್ಳೆ ಗಾಳಿ.'

ಬೇಡ ಅಂದದ್ದು

ಎರಡನೇ ಪಿ.ಯು.ಸಿ.ಯಲ್ಲಿ, 17 ತುಂಬಿದಾಗ, ಹುಡುಗಿ ಮಿಸ್ಸಿನ ಮನೆಗೆ ಹೋಗಿ ದೀಕ್ಷಾಸ್ನಾನ ತೆಗೆದುಕೊಳ್ಳುತ್ತೇನೆ ಅಂದಳು. ಅವ್ವನನ್ನು ಒಪ್ಪಿಸುತ್ತೇನೆ, 18ಕ್ಕೆ ಕಾಯುತ್ತೇನೆ, ಅಯ್ಯನವರ ಹತ್ತಿರ, ಅಂದರೆ ಚರ್ಚಿನ ಪಾದ್ರಿಯ ಹತ್ತಿರ, ನೀವು ಮಾತಾಡಿ ಅಂದಳು.

ಮಿಸ್ಸು ಕಾಫಿ ಕೊಟ್ಟು ಒಂದು ಪ್ರಶ್ನೆ ಕೇಳಿದರು. "ನಿನಗೆ ಬೇಕಾಗಿರೋದು ಯೇಸುವಾ, ನಾನಾ?"

ಹುಡುಗಿ ಕಾಫಿ ಕುಡಿಯದೆ ಎದ್ದುಹೋದಳು. ಹದಿನಾಲ್ಕು ತಿಂಗಳು ಮಾತು ಬಿಟ್ಟಳು.

ಇಡೀ ಪ್ರಕರಣದಲ್ಲಿ ನನಗೆ ಅತಿ ಕಷ್ಟವಾದ ಜಾಗ ಇದು. ಅಪ್ಪ ಹೋದ ಹುಡುಗಿ, ಕಷ್ಟಪಟ್ಟು ಒಂದು ನಂಬಿಕೆಯ ಹೊಸಿಲವರೆಗೆ ಬಂದಿದ್ದಾಳೆ. ಅವಳಿಗೆ ಇಷ್ಟು ಖಾರವಾಗಿ ಕೇಳಬೇಕಿತ್ತಾ? ಅವರ ಜಾಗದಲ್ಲಿ ಇನ್ನೊಬ್ಬರು ಇದ್ದಿದ್ದರೆ ಸಂತೋಷಪಟ್ಟು ಅಯ್ಯನವರ ಹತ್ತಿರ ಕರೆದೊಯ್ಯುತ್ತಿದ್ದರು. ಮಿಸ್ಸಿಗೆ ಕಂಡದ್ದು ಬೇರೆ. ಹುಡುಗಿ ಆಗೀಗ ಮಿಸ್ಸಿನ ಹಾಗೇ ಸೀರೆಯ ನೆರಿಗೆ ಹಿಡಿಯುತ್ತಿದ್ದಳು, ಮಿಸ್ಸಿನ ಹಾಗೇ 'ನೋಡೋಣ' ಅನ್ನುತ್ತಿದ್ದಳು. "ಅಕ್ಷರ ಕೂಡ ನನ್ನ ಹಾಗೇ ಆಗಿತ್ತು. ನನಗೆ ಹೆದರಿಕೆ ಆಯ್ತು" ಅಂದರು ನನ್ನ ಬಳಿ.

ಮಾತು ಬಿಟ್ಟ ಆ ಅವಧಿಯಲ್ಲಿ ಹುಡುಗಿ ಬೇರೊಂದು ಪ್ರಾರ್ಥನಾ ಗುಂಪಿಗೆ ಹೋದಳು. ಬಾಡಿಗೆ ಹಾಲು, ಕೀಬೋರ್ಡು, ಪ್ರೀತಿಯ ಜನ. ಮೂರನೇ ತಿಂಗಳಲ್ಲಿ ಅಲ್ಲಿ ಒಬ್ಬರು, ನಿಮ್ಮಪ್ಪ ವಿಗ್ರಹ ಪೂಜೆ ಮಾಡಿದ್ದಕ್ಕೇ ಹಾಗಾಯಿತು ಅಂದರು. ಅದೇ ವರ್ಷ ಊರಿಗೆ ಹೋದಾಗ ಗುಡಿಯ ಪೂಜಾರಿ, ಬಾಯಿಬೀಗದ ದಿನ ಮಡಿಯಲ್ಲಿ ಏನೋ ಲೋಪ ಆಗಿತ್ತು, ಅದಕ್ಕೇ ಹಾಗಾಯಿತು ಅಂದರು. ಹುಡುಗಿ ಎರಡೂ ಕಡೆ ಒಂದೇ ಮಾತು ಹೇಳಿ ಎದ್ದು ಬಂದಳಂತೆ: "ನೀವು ಯೋಬನ ಗೆಳೆಯರು." ಪೂಜಾರಿಗೆ ಅರ್ಥವಾಗಲಿಲ್ಲ. ಪ್ರಾರ್ಥನೆಯವರಿಗೆ ಅರ್ಥವಾಯಿತು, ಬೇಜಾರಾದರು.

ಮಿಸ್ಸಿನಿಂದ ಅವಳು ಏನು ಪಡೆದಳು ಅಂತ ಕೇಳಿದರೆ ನಾನು ಈ ಘಟನೆಯನ್ನೇ ತೋರಿಸುತ್ತೇನೆ. ಮಿಸ್ಸು ಅಲ್ಲಿರಲಿಲ್ಲ. ಮಾತೂ ಬಿಟ್ಟಾಗಿತ್ತು. ಆದರೂ ಸತ್ತ ಅಪ್ಪನ ಮೇಲೆ ತಪ್ಪು ಹೊರಿಸುವ ಮಾತು, ಯಾವ ದೇವರ ಹೆಸರಲ್ಲಿ ಬಂದರೂ, ಅವಳಿಗೆ ಗುರುತು ಸಿಕ್ಕಿತು.

ಮೈಸೂರಿಗೆ ಇದೇನೂ ಹೊಸದಲ್ಲ ಬಿಡಿ. ಕುವೆಂಪು ಇಲ್ಲಿ ಓದಿದ್ದು ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ದೀಕ್ಷೆ ತೆಗೆದುಕೊಂಡದ್ದು ರಾಮಕೃಷ್ಣ ಪರಂಪರೆಯಲ್ಲಿ. ಮಿಷನ್ ಶಾಲೆಯ ಬೆಂಚಿನಿಂದ ಎದ್ದು ಯಾವ ಕಡೆ ಹೋದರೂ ಆ ಬೆಂಚಿನಲ್ಲಿ ಕಲಿತದ್ದು ಜೊತೆಗೇ ಹೋಗುತ್ತದೆ.

ಈಗ

ಹುಡುಗಿ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದಳು. ಅದಕ್ಕೂ ಮೊದಲೇ, ಮಾತು ಬಿಟ್ಟ ಆ ಹದಿನಾಲ್ಕು ತಿಂಗಳು ಮುಗಿದ ಮೇಲೆ ಒಂದು ದಿನ ಮಿಸ್ಸಿನ ಮನೆಗೆ ಹೋಗಿ, "ಆವತ್ತಿನ ಕಾಫಿ ಕೊಡಿ" ಅಂದಳಂತೆ. ಈಗ ಮಂಡ್ಯದ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಜನಗಣತಿಯವರು ಬಂದು ಕೇಳಿದರೆ ಹಿಂದೂ ಅಂತಲೇ ಬರೆಸುತ್ತಾಳಂತೆ. ಮಲಗುವಾಗ ಯೇಸುವಿನ ಹೆಸರು ಹೇಳಿ ಪ್ರಾರ್ಥಿಸುತ್ತಾಳೆ. ಇದಕ್ಕೆ ಏನಂತ ಹೆಸರಿಡಬೇಕೋ ನನಗೆ ತಿಳಿಯದು. ಅವಳೂ ಇಟ್ಟಿಲ್ಲ.

ವರ್ಷಕ್ಕೆ ಒಂದು ಸಲ, ಶುಭ ಶುಕ್ರವಾರ, ಮಿಸ್ಸಿನ ಜೊತೆ ಚರ್ಚಿಗೆ ಹೋಗುತ್ತಾಳೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಅದರಲ್ಲಿ ನಾಲ್ಕನೆಯದು, ನನ್ನ ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಅನ್ನುವ ಮಾತು. ಅದಕ್ಕಾಗಿಯೇ ಹೋಗುವುದು ಅನ್ನುತ್ತಾಳೆ. ಊರ ಹಬ್ಬಕ್ಕೂ ಹೋಗುತ್ತಾಳೆ. ಆರತಿ ಹೊರುವುದಿಲ್ಲ, ಬೇರೆ ಹುಡುಗಿಯರಿಗೆ ತಂಬಿಟ್ಟು ಕಟ್ಟಿಕೊಡುತ್ತಾಳೆ. ಅವ್ವ ಮಾರಮ್ಮನ ಜೊತೆ ರಾಜಿಯಾಗಿ ಏಳೆಂಟು ವರ್ಷ ಆಯಿತು. ಯಾವಾಗ, ಹೇಗೆ ಅಂತ ಕೇಳಿದರೆ, "ಎಷ್ಟ್ ದಿನ ಅಂತ ಮಾತ್ ಬುಟ್ಟಿರೋದು?" ಅಂದರು.

ಮಿಸ್ಸು ನಿವೃತ್ತರಾಗಿದ್ದಾರೆ. ಕಣ್ಣು ಮಂಜು. ಈ ಬರಹದ ಕರಡನ್ನು ನಾನೇ ಓದಿ ಹೇಳಿದೆ. ಎರಡು ಕಡೆ ವ್ಯಾಕರಣ ತಿದ್ದಿಸಿದರು. ಕೊನೆಗೆ ಕೇಳಿದೆ, "ಅವಳು ಬರಲಿಲ್ಲ ಅಂತ ನಿಮಗೆ ಬೇಜಾರಿಲ್ವಾ ಮೇಡಂ?"

"ಇದೆ. ಯಾಕಿರಬಾರದು? ದಿನಾ ರಾತ್ರಿ ಅವಳ ಹೆಸರು ಹೇಳಿ ಕೇಳ್ತೀನಿ. ಅವಳಿಗೆ ಹೇಳಿಲ್ಲ. ನೀವು ಬರೀರಿ, ಪರವಾಗಿಲ್ಲ."

ಬರೆದೆ. ಹುಡುಗಿಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಗೊತ್ತು ಬಿಡಿ ಸಾರ್. ಆ ಕಡೆ ಅವ್ವ ಮಂಗಳವಾರ ಮಂಗಳವಾರ ನನ್ನ ಮದುವೆಗೆ ಮಾರಮ್ಮನ ಹತ್ರ ಕೇಳ್ತಾಳೆ. ಕೇಳ್ಲಿ ಇಬ್ಬರೂ. ಅಂದಹಾಗೆ ಮೂರನೇ ಪುಟದಲ್ಲಿ ಒಂದು ಒತ್ತಕ್ಷರ ತಪ್ಪಾಗಿದೆ, ನೋಡ್ಕೊಳ್ಳಿ."